ಕ್ರೂಸ್‌ನಲ್ಲಿ ಒಬ್ಬರ ಡ್ರಿಂಕ್ ಪ್ಯಾಕೇಜ್ ಮನೆಯವರೆಲ್ಲ ಹಂಚಿಕೊಳ್ಳಬಹುದಾ? ತುಮಕೂರಿನಿಂದ 9 ಜನ ಹೊರಟಿದ್ದೇವೆ

ಬಿ.ಎಚ್. ರೋಡ್ ಹುಡುಗ, ತುಮಕೂರು

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ ಎಪ್ಪತ್ತು ತುಂಬುತ್ತಿದೆ. ಮನೆಮಂದಿಯೆಲ್ಲ ಸೇರಿ ಸಿಂಗಾಪುರದಿಂದ ಹೊರಡುವ 4 ರಾತ್ರಿಯ ಕ್ರೂಸ್‌ಗೆ ಹೋಗೋಣ ಅಂತ ಮಾತಾಗಿದೆ. ರಾಯಲ್ ಕೆರಿಬಿಯನ್ ಹಡಗು. ಅಪ್ಪ, ಅಮ್ಮ, ನಾನು, ನನ್ನ ಹೆಂಡತಿ, ನಮ್ಮ ಇಬ್ಬರು ಮಕ್ಕಳು (10 ಮತ್ತು 7 ವರ್ಷ), ಅಕ್ಕ, ಭಾವ, ಅಕ್ಕನ ಮಗ. ಅವನಿಗೆ 19, ಇಂಜಿನಿಯರಿಂಗ್ ಓದುತ್ತಿದ್ದಾನೆ. ಮೂರು ಕ್ಯಾಬಿನ್: ಅಪ್ಪ ಅಮ್ಮನಿಗೆ ಒಂದು, ನಮ್ಮ ನಾಲ್ವರಿಗೆ ಒಂದು, ಅಕ್ಕನ ಮನೆಯವರಿಗೆ ಒಂದು. ದುಡ್ಡು ಇನ್ನೂ ಪೂರ್ತಿ ಕಟ್ಟಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ವೆಬ್‌ಸೈಟ್‌ನಲ್ಲಿ ಡೀಲಕ್ಸ್ ಬೆವರೇಜ್ ಪ್ಯಾಕೇಜ್ ಅಂತ ಇದೆ (ಮದ್ಯ ಸೇರಿ ಅನ್‌ಲಿಮಿಟೆಡ್ ಡ್ರಿಂಕ್), ಅನ್‌ಲಿಮಿಟೆಡ್ ಡೈನಿಂಗ್ ಅಂತ ಊಟದ್ದು ಇನ್ನೊಂದು ಇದೆ. ಎರಡೂ ಮುಂಚೆಯೇ ದುಡ್ಡು ಕಟ್ಟಿ ತಗೊಳ್ಳೋದು. ನಮ್ಮಲ್ಲಿ ಕುಡಿಯುವವರು ಭಾವ, ಮತ್ತೆ ಸ್ವಲ್ಪ ನಾನು. ಎಲ್ಲರೂ ಸಸ್ಯಾಹಾರಿಗಳು. ಭಾವನ ಐಡಿಯಾ ಏನಪ್ಪಾ ಅಂದರೆ, ಪ್ಯಾಕೇಜ್ ಅವರೊಬ್ಬರೇ ತಗೊಳ್ಳೋದು, ನನಗೂ ಅವರೇ ತಂದುಕೊಡೋದು. "ಅನ್‌ಲಿಮಿಟೆಡ್ ಅಂದ ಮೇಲೆ ಯಾರ ಹೊಟ್ಟೆಗೆ ಹೋದರೆ ಅವರಿಗೇನು" ಅಂತಾರೆ. ಏಜೆಂಟ್ ಮಾತ್ರ ಕ್ಯಾಬಿನ್‌ನಲ್ಲಿ ಒಬ್ಬರು ತಗೊಂಡರೆ ದೊಡ್ಡವರೆಲ್ಲ ತಗೋಬೇಕು ಅಂತಿದ್ದಾನೆ. ಇದು ನಿಜಾನಾ, ಇಲ್ಲ ಕಮಿಷನ್ ಆಸೆಗೆ ಹೇಳ್ತಿದ್ದಾನಾ?

ಸಿಂಗಾಪುರದಲ್ಲಿರೋ ಕೋಲಾರದವನು

ಏಜೆಂಟ್ ಹೇಳಿದ್ದು ನಿಜ. ರಾಯಲ್ ಕೆರಿಬಿಯನ್‌ನಲ್ಲಿ ಮದ್ಯ ಸೇರಿದ ಪ್ಯಾಕೇಜನ್ನು ಒಂದು ಕ್ಯಾಬಿನ್‌ನ ಒಬ್ಬರು ತಗೊಂಡರೆ, ಅದೇ ಕ್ಯಾಬಿನ್‌ನಲ್ಲಿ ಕುಡಿಯುವ ವಯಸ್ಸಾದ ಎಲ್ಲರೂ ತಗೋಬೇಕು. ಒಂದೆರಡು ದಿನಕ್ಕೆ ಅಂತಲೂ ಕೊಡುವುದಿಲ್ಲ, ಪೂರ್ತಿ ಪ್ರಯಾಣಕ್ಕೆ ತಗೋಬೇಕು. ಹಂಚಿಕೊಂಡು ಸಿಕ್ಕಿಬಿದ್ದರೆ ಪ್ಯಾಕೇಜ್ ರದ್ದು ಮಾಡಬಹುದು. ಆಮೇಲೆ ದುಡ್ಡು ವಾಪಸ್ ಕೇಳೋ ಹಾಗಿಲ್ಲ.

ಇನ್ನೊಂದು ಗಮನಿಸಿ. ಆ ಕಂಪನಿಯಲ್ಲಿ ಅಮೆರಿಕದಿಂದ ಹೊರಡುವ ಹಡಗಿಗೆ ಕುಡಿಯುವ ವಯಸ್ಸು 21, ಸಿಂಗಾಪುರದಿಂದ ಹೊರಡುವುದಕ್ಕೆ 18. ಅಂದರೆ ನಿಮ್ಮ ಅಕ್ಕನ ಮಗನೂ ಲೆಕ್ಕಕ್ಕೆ ಬಂದ. ಹನಿ ಮುಟ್ಟದಿದ್ದರೂ ಅವನ ಹೆಸರಿನಲ್ಲಿ ಒಂದು ಪ್ಯಾಕೇಜ್. ಈಗಿನ ಕ್ಯಾಬಿನ್ ಹಂಚಿಕೆಯಲ್ಲೇ ಹೋದರೆ ನೀವು, ನಿಮ್ಮಾಕೆ, ಅಕ್ಕ, ಭಾವ, ಹುಡುಗ. ಇಬ್ಬರು ಕುಡಿಯೋದಕ್ಕೆ ಐದು ಪ್ಯಾಕೇಜ್.

ಬಿ.ಎಚ್. ರೋಡ್ ಹುಡುಗ, ತುಮಕೂರು

ಅಯ್ಯೋ! ಅವನ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಅಕ್ಕನಿಗೆ ಇದನ್ನ ಹೇಳೋದು ಹೇಗೆ ಅನ್ನೋದೇ ಈಗ ಚಿಂತೆ.

ತಿಪಟೂರು ತೆಂಗು

ನನಗೆ ಒಂದು ಅರ್ಥ ಆಗಲ್ಲ. ದುಡ್ಡು ಕೊಟ್ಟಿದ್ದು ನಾನು, ಗ್ಲಾಸ್ ನನ್ನ ಕೈಗೆ ಬಂತು. ಅದನ್ನ ನಾನು ಕುಡೀತೀನೋ ಭಾಮೈದನಿಗೆ ಕೊಡ್ತೀನೋ, ಇವರಿಗ್ಯಾಕೆ?

ನಂದಿ ತಪ್ಪಲಿನವಳು, ಚಿಕ್ಕಬಳ್ಳಾಪುರ

ಊಟದ ಹೋಟೆಲ್‌ನಲ್ಲಿ "ಅನ್‌ಲಿಮಿಟೆಡ್ ಮೀಲ್ಸ್, ಶೇರಿಂಗ್ ಇಲ್ಲ" ಅಂತ ಬೋರ್ಡ್ ಇರುತ್ತಲ್ಲ, ಅದೇ ಇದು. ನೀವು ಗ್ಲಾಸ್ ಕೊಂಡಿಲ್ಲ ಸ್ವಾಮಿ. ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಕುಡಿಯಬಹುದು ಅಂತ ಅವರು ಅಂದಾಜು ಮಾಡಿ ಬೆಲೆ ಇಟ್ಟಿರುತ್ತಾರೆ. ಇಬ್ಬರು ಕುಡಿದರೆ ಆ ಅಂದಾಜು ಕೆಡುತ್ತೆ.

ಕೆ.ಜಿ.ಎಫ್. ಮಾಜಿ ಬಾರ್‌ಮ್ಯಾನ್

ನಾನು ಕೆಲವು ವರ್ಷ ಹಡಗಿನ ಬಾರ್‌ನಲ್ಲಿ ಕೆಲಸ ಮಾಡಿದ್ದೀನಿ. ಯಾವ ಕಂಪನಿ ಅಂತ ಹೇಳಲ್ಲ. ಕೌಂಟರ್‌ನ ಈ ಕಡೆಯಿಂದ ಇದು ಹೇಗೆ ಕಾಣುತ್ತೆ ಅಂತ ಹೇಳ್ತೀನಿ.

ಹಡಗಿನಲ್ಲಿ ನಗದು ನಡೆಯಲ್ಲ. ಎಲ್ಲರಿಗೂ ಒಂದು ಕಾರ್ಡ್ ಕೊಡ್ತಾರೆ. ರಾಯಲ್‌ನಲ್ಲಿ ಅದಕ್ಕೆ ಸೀಪಾಸ್ ಅಂತಾರೆ. ಬಾಗಿಲು ತೆಗೆಯೋದು, ಹಡಗು ಹತ್ತೋದು ಇಳಿಯೋದು, ಡ್ರಿಂಕ್ ತಗೊಳ್ಳೋದು ಎಲ್ಲಾ ಅದರಲ್ಲೇ. ಹಡಗು ಹತ್ತುವಾಗ ನಿಮ್ಮ ಫೋಟೊ ಸಿಸ್ಟಂಗೆ ಹೋಗಿರುತ್ತೆ. ಕಾರ್ಡ್ ಉಜ್ಜಿದ ತಕ್ಷಣ ನಮ್ಮ ಸ್ಕ್ರೀನ್ ಮೇಲೆ ನಿಮ್ಮ ಮುಖ, ವಯಸ್ಸು, ಪ್ಯಾಕೇಜ್ ಇದೆಯೋ ಇಲ್ಲವೋ ಅನ್ನೋದು ಬರುತ್ತೆ. ಬೇರೆಯವರ ಕಾರ್ಡ್ ತಂದರೆ ಅಲ್ಲೇ ಗೊತ್ತಾಗುತ್ತೆ. ಒಂದು ಸಲಕ್ಕೆ ಒಂದೇ ಡ್ರಿಂಕ್. ಇನ್ನೊಂದಕ್ಕೆ ಕೆಲವು ನಿಮಿಷ ಕಾಯಬೇಕು.

ಗಂಡ ಹೆಂಡತಿ ಒಂದು ಗುಟುಕು ರುಚಿ ನೋಡಿದರೆ ಯಾವ ಬಾರ್‌ಮ್ಯಾನೂ ಓಡಿ ಬರಲ್ಲ. ಆದರೆ ಒಬ್ಬ ತಗೊಂಡು ಹೋಗಿ ಮೂಲೆ ಟೇಬಲ್‌ನಲ್ಲಿ ಇನ್ನೊಬ್ಬನಿಗೆ ಕೊಟ್ಟು, ಐದು ನಿಮಿಷಕ್ಕೆ ಮತ್ತೆ ಬಂದು ನಿಂತರೆ ನಮಗೆ ಕಾಣದೇ ಇರುತ್ತಾ? ದಿನಕ್ಕೆ ಹತ್ತು ಗಂಟೆ ಅಲ್ಲೇ ನಿಂತಿರ್ತೀವಿ. ನೋಡಿಯೂ ಸುಮ್ನಿದ್ದರೆ ಸೂಪರ್‌ವೈಸರ್ ಬಯ್ಯೋದು ನಮ್ಮನ್ನ. ಕಾಂಟ್ರಾಕ್ಟ್ ಮುಗಿಯೋ ಹೊತ್ತಿಗೆ ಮುಂದಿನ ಕಾಂಟ್ರಾಕ್ಟ್ ಸಿಗುತ್ತೋ ಇಲ್ಲವೋ ಅಂತ ಕಾಯ್ತಿರೋ ಹುಡುಗರು ಅವರು. ತಿಪಟೂರಿನ ಅಣ್ಣ, ಗ್ಲಾಸ್ ನಿಮ್ಮದೇ ಇರಬಹುದು, ಕೆಲಸ ಹೋಗೋದು ಅವರದು.

ಮಕ್ಕಳ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ವಯಸ್ಸಾಗದ ಮಕ್ಕಳ ಕೈಗೆ ಯಾರಾದರೂ ಗ್ಲಾಸ್ ಕೊಟ್ಟರೆ ಅದು ಪ್ಯಾಕೇಜ್ ರದ್ದಾಗುವಲ್ಲಿಗೆ ನಿಲ್ಲಲ್ಲ. ಸೆಕ್ಯೂರಿಟಿವರೆಗೆ ಹೋಗುತ್ತೆ.

ತಿಪಟೂರು ತೆಂಗು

ಸರಿ ಸರಿ, ಹುಡುಗರ ಕೆಲಸದ ವಿಷಯ ಯೋಚಿಸಿರಲಿಲ್ಲ. ಆದರೂ ಕುಡಿಯದ ಹೆಂಗಸಿನ ಹೆಸರಿನಲ್ಲಿ ದುಡ್ಡು ಕೀಳೋದು ಅನ್ಯಾಯ ಅಲ್ವಾ? ಅದಕ್ಕೆ ಯಾರಾದರೂ ಉತ್ತರ ಕೊಡಿ.

ಸಿಂಗಾಪುರದಲ್ಲಿರೋ ಕೋಲಾರದವನು

ಅನ್ಯಾಯ ಅಂತಲೇ ಇಟ್ಟುಕೊಳ್ಳೋಣ. ಆದರೆ ಆ ನಿಯಮ ನೋಡೋದು ಕ್ಯಾಬಿನ್ನನ್ನ. ನಿಮ್ಮ ಮನೆ, ನೆಂಟಸ್ತಿಕೆ ಅದಕ್ಕೆ ಬೇಕಿಲ್ಲ. ದಾರಿ ಅಲ್ಲೇ ಇದೆ.

ಹೆಸರುಗಳನ್ನ ಹೀಗೆ ಬದಲಾಯಿಸಿ ನೋಡಿ. ನೀವು ಮತ್ತು ಭಾವ ಒಂದು ಕ್ಯಾಬಿನ್. ನಿಮ್ಮಾಕೆ, ಅಕ್ಕ, ಇಬ್ಬರು ಮಕ್ಕಳು ಇನ್ನೊಂದು. ಅಪ್ಪ, ಅಮ್ಮ, ಮೊಮ್ಮಗ ಮೂರನೆಯದು. ಈಗ ಐದರ ಬದಲು ಎರಡೇ ಪ್ಯಾಕೇಜ್. ಲೆಕ್ಕಕ್ಕೆ ದಿನಕ್ಕೆ 70 ಡಾಲರ್ ಅಂತ ಇಟ್ಟುಕೊಳ್ಳಿ (ಬೆಲೆ ಹಡಗಿಂದ ಹಡಗಿಗೆ, ವಾರದಿಂದ ವಾರಕ್ಕೆ ಬದಲಾಗುತ್ತೆ). ಅದರ ಮೇಲೆ 18 ಪರ್ಸೆಂಟ್ ಟಿಪ್ಸ್ ಸೇರಿಸಿದರೆ 82.60. ನಾಲ್ಕು ದಿನಕ್ಕೆ ತಲೆಗೆ 330.40. ಐದು ಜನಕ್ಕೆ 1,652 ಡಾಲರ್, ಇಬ್ಬರಿಗೆ 660.80. ಹೆಚ್ಚುಕಡಿಮೆ ಸಾವಿರ ಡಾಲರ್ ಉಳೀತು. ಇದರಲ್ಲಿ ಮೋಸ ಏನೂ ಇಲ್ಲ, ಯಾರ ಗ್ಲಾಸೂ ಯಾರಿಗೂ ಕೊಡ್ತಿಲ್ಲ.

ಹತ್ತಿದ ಮೇಲೆ ಗೆಸ್ಟ್ ಸರ್ವೀಸಸ್ ಕೌಂಟರ್‌ಗೆ ಎಲ್ಲರೂ ಒಟ್ಟಿಗೆ ಹೋಗಿ ಹೆಚ್ಚುವರಿ ಕೀ ಕೇಳಿ. ಆಮೇಲೆ ಯಾರು ಯಾವ ರೂಮಲ್ಲಿ ಮಲಗುತ್ತಾರೆ ಅನ್ನೋದು ನಿಮ್ಮ ಮನೆ ವಿಷಯ. ಕುಟುಂಬಗಳು ಹೀಗೆ ಮಾಡೋದು ಅವರಿಗೆ ಹೊಸದಲ್ಲ.

ಒಂದೇ ಎಚ್ಚರಿಕೆ. ತುರ್ತು ಸಮಯದಲ್ಲಿ ಎಲ್ಲಿ ಸೇರಬೇಕು ಅನ್ನೋ ಜಾಗ ಬುಕಿಂಗ್‌ನಲ್ಲಿರುವ ಕ್ಯಾಬಿನ್ ಪ್ರಕಾರ ಬರುತ್ತೆ. ಅದಕ್ಕೇ ಮಕ್ಕಳನ್ನ ಅಮ್ಮನ ಜೊತೆಗೇ ಹಾಕಿದ್ದು. ಮೂರೂ ಕ್ಯಾಬಿನ್ ಅಕ್ಕಪಕ್ಕ ಸಿಗೋ ಹಾಗೆ ಈಗಲೇ ಕೇಳಿ, ಆಮೇಲೆ ಕಷ್ಟ.

ಕ್ಯಾತ್ಸಂದ್ರದ ಸೊಸೆ

ಕ್ಯಾಬಿನ್ ಲೆಕ್ಕ ಚೆನ್ನಾಗಿದೆ. ಆದರೆ ಇಷ್ಟು ಹೊತ್ತಾದರೂ ಯಾರೂ ಕೇಳದ ಒಂದು ಪ್ರಶ್ನೆ. ಆ 660 ಡಾಲರ್ ಯಾರ ಜೇಬಿಂದ?

ನಮ್ಮ ಮನೆಯಲ್ಲೂ ಹೀಗೇ ಎಲ್ಲರೂ ಸೇರಿ ಟೂರ್ ಮಾಡ್ತೀವಿ. ಎಲ್ಲರೂ ಸಮ ಹಾಕಿದ ದುಡ್ಡಲ್ಲಿ ಗಂಡಸರ ಬಾಟಲಿ, ಹೆಂಗಸರು ಮಾತ್ರ "ಕಾಫಿಗೂ ದುಡ್ಡಂತೆ, ಬೇಡ ಬಿಡಿ" ಅಂತ ಕೂರೋದು. ಟಿಕೆಟ್, ಹೋಟೆಲ್, ಊಟ ಎಲ್ಲಾ ಒಟ್ಟು ಲೆಕ್ಕದಲ್ಲಿ ಇರಲಿ. ಕುಡಿಯೋದು ಕುಡಿಯುವವರ ಲೆಕ್ಕ. ಇದನ್ನ ಹೊರಡುವ ಮೊದಲೇ ಬಾಯಿಬಿಟ್ಟು ಹೇಳಿ. ವಾಪಸ್ ಬಂದ ಮೇಲೆ ವಾಟ್ಸಾಪ್ ಗ್ರೂಪ್‌ನಲ್ಲಿ ಬಿಲ್ ಹಾಕಿದರೆ ಅಕ್ಕ ತಮ್ಮನ ಮಧ್ಯೆ ಮಾತು ನಿಲ್ಲುತ್ತೆ.

ಅಪ್ಪ ಅಮ್ಮನ ಎದುರು ಕುಡಿಯೋದು ಹೇಗೆ ಅಂತಲೂ ಯೋಚನೆ ಮಾಡಿದ್ದೀರಾ? ಅದೇನು ದೊಡ್ಡ ಊರಲ್ಲ, ಹಡಗು. ಎಲ್ಲಿ ಹೋದರೂ ಅಮ್ಮ ಎದುರು ಸಿಗ್ತಾರೆ.

ಬಿ.ಎಚ್. ರೋಡ್ ಹುಡುಗ, ತುಮಕೂರು

ಅಮ್ಮನಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಇರ್ತಾರೆ. ಭಾವ ಮಾತ್ರ ಅಪ್ಪ ಮಲಗಿದ ಮೇಲೇ ಹೊರಗೆ ಬರೋದು.

ಶ್ರೀನಿವಾಸಪುರ ಮಾವು

ಅಪ್ಪ ಮಲಗೋದು ಎಷ್ಟು ಗಂಟೆಗೆ? ತಮಾಷೆಗೆ ಕೇಳ್ತಿಲ್ಲ, ಉತ್ತರ ಅದರಲ್ಲೇ ಇದೆ.

ಈ ಪ್ಯಾಕೇಜ್ ದುಡ್ಡು ವಸೂಲಾಗಬೇಕಾದರೆ ಬೆಳಗ್ಗೆ ಈಜುಕೊಳದ ಹತ್ತಿರ ಶುರು ಮಾಡಿ ರಾತ್ರಿವರೆಗೆ ಕುಡೀಬೇಕು. ಒಂದು ಬಿಯರ್ 8 ಡಾಲರ್ ಅಂದುಕೊಳ್ಳಿ, ಟಿಪ್ಸ್ ಸೇರಿ ಒಂಬತ್ತೂವರೆ. 82.60 ಸಮ ಆಗಬೇಕಾದರೆ ದಿನಕ್ಕೆ ಎಂಟೊಂಬತ್ತು ಬಿಯರ್. 14 ಡಾಲರ್‌ನ ಕಾಕ್‌ಟೇಲ್ ಆದರೆ ಐದು. ಪ್ಯಾಕೇಜ್‌ನಲ್ಲಿ ಒಂದು ಡ್ರಿಂಕ್‌ಗೆ 14 ಡಾಲರ್‌ವರೆಗೆ ಅಂತ ಮಿತಿ ಇದೆ, ಮೇಲಿನ ವ್ಯತ್ಯಾಸ ನೀವು ಕೊಡಬೇಕು. ಪೆನಾಂಗ್, ಫುಕೆಟ್ ಅಂತ ಇಳಿದು ಸುತ್ತುವ ದಿನಕ್ಕೂ ಪೂರ್ತಿ ದುಡ್ಡು ಹೋಗಿರುತ್ತೆ.

ಅಪ್ಪ ಹತ್ತು ಗಂಟೆಗೆ ಮಲಗಿದ ಮೇಲೆ ಭಾವ ಮೂರು, ನೀವು ಎರಡು. ಒಂದಕ್ಕೆ 12 ಡಾಲರ್ ಅಂತ ಧಾರಾಳವಾಗಿ ಹಾಕಿದರೂ ದಿನಕ್ಕೆ 60, ನಾಲ್ಕು ದಿನಕ್ಕೆ 240. ಹಂಚಿಕೊಳ್ಳೋದೂ ಬೇಡ, ಕ್ಯಾಬಿನ್ ಬದಲಾಯಿಸೋದೂ ಬೇಡ. ಬೇಕಾದಾಗ ಬೇಕಾದ್ದು ದುಡ್ಡು ಕೊಟ್ಟು ತಗೊಳ್ಳಿ.

ಸಿಂಗಾಪುರದಲ್ಲಿರೋ ಕೋಲಾರದವನು

ಒಪ್ಪಿದೆ. ಆದರೆ ಒಂದು ಮಾತು ಸೇರಿಸ್ತೀನಿ. ಡೀಲಕ್ಸ್‌ನಲ್ಲಿ ಮದ್ಯ ಮಾತ್ರ ಅಲ್ಲ, ನೀರಿನ ಬಾಟಲಿ, ತಾಜಾ ಜ್ಯೂಸ್, ಮಾಕ್‌ಟೇಲ್, ಎಸ್ಪ್ರೆಸೊ ತರದ ಕಾಫಿ ಎಲ್ಲಾ ಬರುತ್ತೆ. ಅವನ್ನೂ ಲೆಕ್ಕಕ್ಕೆ ಹಿಡಿದು ನೋಡಿ. ಮದ್ಯ ಇಲ್ಲದ ರಿಫ್ರೆಶ್‌ಮೆಂಟ್ ಪ್ಯಾಕೇಜ್ ಬೇರೆ ಇದೆ. ಅದನ್ನ ಒಬ್ಬರೇ ತಗೋಬಹುದು, ಕ್ಯಾಬಿನ್ ನಿಯಮ ಇಲ್ಲ.

ಬೇರೆ ಕಂಪನಿಗಳ ರೀತಿ ಬೇರೆ. ಕಾರ್ನಿವಲ್‌ನಲ್ಲೂ ಕ್ಯಾಬಿನ್‌ನ ದೊಡ್ಡವರೆಲ್ಲ ತಗೋಬೇಕು, ಮೇಲಾಗಿ 24 ಗಂಟೆಗೆ 15 ಡ್ರಿಂಕ್ ಅಂತ ಮಿತಿ. ಡಿಸ್ನಿಯಲ್ಲಿ ಮದ್ಯದ ಅನ್‌ಲಿಮಿಟೆಡ್ ಪ್ಯಾಕೇಜೇ ಇಲ್ಲ, ಆದರೆ ಮಕ್ಕಳಿಗೆ ಊಟದ ಜೊತೆ ಸೋಡಾ ಫ್ರೀ. ಮುಂಬೈಯಿಂದ ಹೊರಡುವ ಕಾರ್ಡೀಲಿಯಾದಲ್ಲಿ ಊಟ ಟಿಕೆಟ್‌ನಲ್ಲೇ ಬರುತ್ತೆ, ಮದ್ಯ ಬೇರೆ ಲೆಕ್ಕ. ಒಂದು ಹಡಗಿನ ಅನುಭವ ಇನ್ನೊಂದಕ್ಕೆ ಅಂಟಿಸಬೇಡಿ.

ನಂದಿ ತಪ್ಪಲಿನವಳು, ಚಿಕ್ಕಬಳ್ಳಾಪುರ

ರಾಯಲ್‌ನಲ್ಲಿ ಹತ್ತುವ ದಿನ ದೊಡ್ಡವರು ತಲೆಗೆ 750 ಎಂ.ಎಲ್.ನ ಒಂದು ವೈನ್ ಬಾಟಲಿ ತರಬಹುದು. ಕೈಚೀಲದಲ್ಲಿ ಇರಬೇಕು. ರೂಮಿನಲ್ಲಿ ಕುಡಿದರೆ ಏನೂ ಇಲ್ಲ, ರೆಸ್ಟೋರೆಂಟ್‌ಗೆ ಒಯ್ದರೆ ಬಾಟಲಿ ತೆಗೆಯೋದಕ್ಕೆ 15 ಡಾಲರ್. ಇದನ್ನ ಮಾತ್ರ ನೀವು ಧಾರಾಳವಾಗಿ ಹಂಚಿಕೊಳ್ಳಬಹುದು! ನಮ್ಮ ನಂದಿ ಬೆಟ್ಟದ ಕೆಳಗಿನ ದ್ರಾಕ್ಷಿಯ ವೈನ್ ಒಯ್ಯಿರಿ ಅಂತ ಹೇಳೋಣ ಅಂದರೆ ಸಿಂಗಾಪುರದ ಕಸ್ಟಮ್ಸ್ ಲೆಕ್ಕ ಬೇರೆ ಇದೆ, ಅದನ್ನ ಮೊದಲು ನೋಡಿಕೊಳ್ಳಿ. ವಿಸ್ಕಿ, ಬಿಯರ್ ತರೋ ಹಾಗಿಲ್ಲ.

ಬಿ.ಎಚ್. ರೋಡ್ ಹುಡುಗ, ತುಮಕೂರು

ತುಂಬಾ ಥ್ಯಾಂಕ್ಸ್. ಊಟದ ಪ್ಯಾಕೇಜ್ ಬಗ್ಗೆಯೂ ಹೇಳಿ. ಎರಡು ತಗೊಂಡು 9 ಜನ ಸರದಿ ಮೇಲೆ ಹೋಗಬಹುದಾ? ಇವತ್ತು ಅಪ್ಪ ಅಮ್ಮ, ನಾಳೆ ನಾವು, ಆ ತರ.

ಕೆ.ಜಿ.ಎಫ್. ಮಾಜಿ ಬಾರ್‌ಮ್ಯಾನ್

ಆಗಲ್ಲ. ಅದೂ ಹೆಸರಿಗೇ ಅಂಟಿರುತ್ತೆ. ಬಾಗಿಲಲ್ಲೇ ಕಾರ್ಡ್ ಕೇಳ್ತಾರೆ. ಪ್ಯಾಕೇಜ್ ಇಲ್ಲದವರು ಅದೇ ಟೇಬಲ್‌ನಲ್ಲಿ ಕೂತು ಊಟ ಮಾಡಿದರೆ ಅವರಿಗೆ ಕವರ್ ಚಾರ್ಜ್ (ಆ ರೆಸ್ಟೋರೆಂಟ್‌ನಲ್ಲಿ ತಲೆಗಿಷ್ಟು ಅಂತ ಊಟದ ದುಡ್ಡು) ಬೀಳುತ್ತೆ.

ಕ್ಯಾತ್ಸಂದ್ರದ ಸೊಸೆ

ಊಟದ ಪ್ಯಾಕೇಜ್ ನಿಮಗೆ ಬೇಕೇ ಬೇಡ ಅಂತ ನನ್ನ ಅಭಿಪ್ರಾಯ. ಕಾರಣ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಮೇನ್ ಡೈನಿಂಗ್ ರೂಮ್ ಮತ್ತು ವಿಂಡ್‌ಜಾಮರ್ ಬಫೆ ಟಿಕೆಟ್‌ನಲ್ಲೇ ಸೇರಿವೆ. ಮೂರು ಹೊತ್ತೂ ತಿನ್ನಬಹುದು. ಪ್ಯಾಕೇಜ್ ಕೊಡೋದು ಸ್ಪೆಷಾಲಿಟಿ ರೆಸ್ಟೋರೆಂಟ್‌ಗಳಿಗೆ. ಅವು ಯಾವುವು ನೋಡಿ. ಚಾಪ್ಸ್ ಗ್ರಿಲ್ ಅಂದರೆ ಮಾಂಸದ ಹೋಟೆಲ್. ಇಝುಮಿ ಅಂದರೆ ಜಪಾನಿ, ಮೀನು. ಸಸ್ಯಾಹಾರಿಗಳು ಅಷ್ಟು ದುಡ್ಡು ಕೊಟ್ಟು ಹೋಗಿ ಬೇಯಿಸಿದ ಆಲೂಗಡ್ಡೆ, ಅಣಬೆ, ಸಿಹಿ ತಿಂದು ಬರಬೇಕು. ಮಕ್ಕಳಿಗೆ ಆಸೆ ಆದರೆ ಇಟಾಲಿಯನ್ ಕಡೆ ಒಂದು ಮಧ್ಯಾಹ್ನ ಕರೆದುಕೊಂಡು ಹೋಗಿ. ರಾತ್ರಿ ಊಟಕ್ಕಿಂತ ಮಧ್ಯಾಹ್ನದ ರೇಟ್ ಕಡಿಮೆ. 6ರಿಂದ 12 ವರ್ಷದ ಮಕ್ಕಳಿಗೆ ಇನ್ನೂ ಕಡಿಮೆ.

ನಿಜವಾಗಿ ಮಾಡಬೇಕಾದ ಕೆಲಸ ಬೇರೆ. ಮೊದಲ ರಾತ್ರಿ ಮೇನ್ ಡೈನಿಂಗ್‌ನಲ್ಲಿ ಹೆಡ್ ವೇಟರನ್ನ ಕರೆಸಿ, "ನಾವು ಇಷ್ಟು ಜನ ಸಸ್ಯಾಹಾರಿ, ಮೊಟ್ಟೆಯೂ ಬೇಡ, ನಾಳೆಯಿಂದ ಇಂಡಿಯನ್ ಊಟ ಬೇಕು" ಅಂತ ಹೇಳಿ. ಅನ್ನ, ದಾಲ್, ಪಲ್ಯ, ರೊಟ್ಟಿ ಮಾಡಿಸಿ ಇಡ್ತಾರೆ. ಉತ್ತರ ಭಾರತದ ರುಚಿ ಇರುತ್ತೆ. ಸಾರು, ಮುದ್ದೆ ಕೇಳಬೇಡಿ. ಬುಕಿಂಗ್‌ನಲ್ಲೂ ವೆಜ್ ಅಂತ ಬರೆಸಿಡಿ. ಇದಕ್ಕೆ ಒಂದು ಪೈಸೆ ಜಾಸ್ತಿ ಇಲ್ಲ.

ಮಾಮೂಲಿ ಟೀ, ಕಾಫಿ, ನೀರು, ಬೆಳಗಿನ ಜ್ಯೂಸ್ ಫ್ರೀ. ಕಾಫಿ ಚೆನ್ನಾಗಿರಲ್ಲ, ನಿಮ್ಮ ಅಮ್ಮ ಮೊದಲ ದಿನವೇ ಗೊಣಗ್ತಾರೆ. ಬಿಸಿ ಹಾಲು ಕೇಳಿ ತಗೊಂಡು ಟೀ ಬ್ಯಾಗ್ ಹಾಕಿಕೊಡಿ, ಸುಧಾರಿಸುತ್ತೆ. ಕೆಟಲ್, ಪುಟ್ಟ ಕುಕ್ಕರ್ ಬ್ಯಾಗಿಗೆ ಹಾಕಬೇಡಿ. ಬಿಸಿ ಮಾಡುವ ವಸ್ತುಗಳನ್ನ ಹತ್ತುವಾಗಲೇ ಎತ್ತಿಟ್ಟುಕೊಳ್ತಾರೆ, ಬೆಂಕಿಯ ಭಯ. ಮನೆಯಲ್ಲಿ ಮಾಡಿದ ಅಡುಗೆಯನ್ನೂ ಬಿಡಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಚಟ್ನಿಪುಡಿ, ಕೋಡುಬಳೆ ಪ್ಯಾಕೆಟ್ ಒಯ್ಯಿರಿ.

ಶ್ರೀನಿವಾಸಪುರ ಮಾವು

ಅಪ್ಪನಿಗೆ ಶುಗರ್ ಇದ್ದರೆ ಹೆಡ್ ವೇಟರ್‌ಗೆ ಅದನ್ನೂ ಹೇಳಿ. ಸಕ್ಕರೆ ಹಾಕದ ಸಿಹಿ ಇರುತ್ತೆ.

ತಿಪಟೂರು ತೆಂಗು

ಮಕ್ಕಳ ಸೋಡಾ ಕಪ್ (ಕೊಂಡು ಮಷೀನ್‌ನಲ್ಲಿ ಮತ್ತೆ ಮತ್ತೆ ತುಂಬಿಸಿಕೊಳ್ಳೋದು)? ಅಣ್ಣ ತಂಗಿ ಒಂದೇ ಕಪ್‌ನಲ್ಲಿ ಕುಡಿದರೂ ಕೇಸ್ ಹಾಕ್ತಾರಾ?

ಕೆ.ಜಿ.ಎಫ್. ಮಾಜಿ ಬಾರ್‌ಮ್ಯಾನ್

ನಿಯಮದಲ್ಲಿ ಅದೂ ಒಬ್ಬರಿಗೇ ಅಣ್ಣಾ. ಕಪ್‌ನ ತಳದಲ್ಲಿ ಚಿಪ್ ಇರುತ್ತೆ, ತುಂಬಿಸಿದ ಮೇಲೆ ಸ್ವಲ್ಪ ಹೊತ್ತು ಮಷೀನ್ ಮತ್ತೆ ಕೊಡಲ್ಲ. ಏಳು ವರ್ಷದ ಮಗು ಅಣ್ಣನ ಕಪ್‌ಗೆ ಬಾಯಿ ಹಾಕಿದ್ದಕ್ಕೆ ಜಗಳ ಮಾಡಿದವರನ್ನ ನಾನಂತೂ ನೋಡಿಲ್ಲ. ಹಂಚಿಕೊಳ್ಳಲೇಬೇಕು ಅನ್ನೋ ಆಸೆ ಇದ್ದರೆ ವೈಫೈ ತಗೊಳ್ಳಿ. ಒಂದು ಡಿವೈಸ್ ಪ್ಯಾಕೇಜ್‌ನಲ್ಲಿ ಒಂದು ಫೋನಲ್ಲಿ ಲಾಗ್‌ಔಟ್ ಮಾಡಿ ಇನ್ನೊಂದರಲ್ಲಿ ಹಾಕಿಕೊಳ್ಳಬಹುದು. ಒಂದು ಸಲಕ್ಕೆ ಒಬ್ಬರು ಅಷ್ಟೇ.

ಬಿ.ಎಚ್. ರೋಡ್ ಹುಡುಗ, ತುಮಕೂರು

ನಿನ್ನೆ ರಾತ್ರಿ ಊಟ ಆದ ಮೇಲೆ ಇದನ್ನೆಲ್ಲ ಭಾವನಿಗೆ ಓದಿ ಹೇಳಿದೆ. ಎಂಟು ಬಿಯರ್ ಲೆಕ್ಕ ಕೇಳಿ ಅಕ್ಕ ನಕ್ಕಿದ್ದೇ ನಕ್ಕಿದ್ದು. "ತುಮಕೂರಲ್ಲಿ ಎರಡಕ್ಕೇ ನಿದ್ದೆ ಬರುತ್ತೆ ಇವರಿಗೆ" ಅಂದಳು. ಡ್ರಿಂಕ್ ಪ್ಯಾಕೇಜ್ ಸದ್ಯಕ್ಕೆ ಬೇಡ ಅಂತಾಗಿದೆ. ಊಟದ್ದೂ ಬೇಡ. ಕುಡಿದದ್ದು ಭಾವ ನಾನು ಬೇರೆ ಕೊಡ್ತೀವಿ. ಕ್ಯಾಬಿನ್ ಮೊದಲಿನ ಹಾಗೇ. ಅಕ್ಕನ ಮಗನಿಗೆ ಮಾತ್ರ ರಿಫ್ರೆಶ್‌ಮೆಂಟ್ ಪ್ಯಾಕೇಜ್ ಬೇಕಂತೆ, ಮಾಕ್‌ಟೇಲ್ ಹುಚ್ಚು.

ಬಿಲ್ ಮೂರು ಕ್ಯಾಬಿನ್‌ಗೂ ಬೇರೆ ಬೇರೆ ಬರುತ್ತಾ? ಭಾವನಿಗೆ ಕೊನೇ ಗಳಿಗೆಯಲ್ಲಿ ಮನಸ್ಸು ಬದಲಾದರೆ ಹಡಗಲ್ಲೇ ಪ್ಯಾಕೇಜ್ ತಗೋಬಹುದಾ?

ಸಿಂಗಾಪುರದಲ್ಲಿರೋ ಕೋಲಾರದವನು

ಬಿಲ್ ಬೇರೆ ಬೇರೆ ಮಾಡಿಸಬಹುದು. ಪ್ರತಿ ಕ್ಯಾಬಿನ್‌ಗೆ ಯಾರ ಕ್ರೆಡಿಟ್ ಕಾರ್ಡ್ ಅಂತ ಚೆಕ್‌ಇನ್‌ನಲ್ಲೇ ಕೊಡಿ. ಮಕ್ಕಳ ಕಾರ್ಡ್‌ಗೆ ಖರ್ಚು ಬೀಳದ ಹಾಗೆ ಗೆಸ್ಟ್ ಸರ್ವೀಸಸ್‌ನಲ್ಲಿ ಬ್ಲಾಕ್ ಮಾಡಿಸಿ, ಇಲ್ಲದಿದ್ದರೆ ಆರ್ಕೇಡ್ ಗೇಮ್‌ಗೆ ಎಷ್ಟು ಹೋಯ್ತು ಅಂತ ಕೊನೇ ದಿನ ಗೊತ್ತಾಗುತ್ತೆ. ಎಲ್ಲಾ ಡಾಲರ್‌ನಲ್ಲಿ ಬೀಳುತ್ತೆ, ನಮ್ಮ ಬ್ಯಾಂಕ್ ಅದರ ಮೇಲೆ ವಿದೇಶಿ ಕರೆನ್ಸಿ ಚಾರ್ಜ್ ಹಾಕುತ್ತೆ. ಆ ಚಾರ್ಜ್ ಕಡಿಮೆ ಇರೋ ಕಾರ್ಡ್ ಯಾರ ಹತ್ತಿರ ಇದೆ ನೋಡಿ.

ಹಡಗಲ್ಲೂ ಪ್ಯಾಕೇಜ್ ಸಿಗುತ್ತೆ, ಆದರೆ ಮುಂಚೆ ತಗೊಂಡರೆ ಸಾಮಾನ್ಯವಾಗಿ ಅಗ್ಗ. ಹುಡುಗನ ರಿಫ್ರೆಶ್‌ಮೆಂಟನ್ನ ಈಗಲೇ ವೆಬ್‌ಸೈಟ್‌ನ ಕ್ರೂಸ್ ಪ್ಲ್ಯಾನರ್‌ನಲ್ಲಿ ತಗೊಂಡುಬಿಡಿ. ಹೊರಡುವವರೆಗೆ ಆಗಾಗ ಬೆಲೆ ನೋಡ್ತಾ ಇರಿ. ಇಳಿದರೆ ಹಳೇದು ಕ್ಯಾನ್ಸಲ್ ಮಾಡಿ ಹೊಸ ಬೆಲೆಗೆ ತಗೊಳ್ಳಿ, ದುಡ್ಡು ಅದೇ ಕಾರ್ಡ್‌ಗೆ ವಾಪಸ್ ಬರುತ್ತೆ. ಹತ್ತುವ ಹಿಂದಿನ ದಿನದವರೆಗೂ ಕಾಯಬೇಡಿ, ಅಷ್ಟು ಹೊತ್ತಿಗೆ ಪ್ಲ್ಯಾನರ್ ಮುಚ್ಚಿರಬಹುದು.